ಪೂರ್ವಾಹ್ನದವರು ಮತ್ತು ಅಪರಾಹ್ನದ ನಾನು

ಶಿಸ್ತಿನಿಂದ ಬದುಕುವವನಿಗೇ ಇಂಥ ಪ್ರಸಂಗಗಳು ಮೇಲಿಂದ ಮೇಲೆ ಒದಗುತ್ತವೆ. ಅಶಿಸ್ತಿನವನಿಗೂ ಒದಗುತ್ತಿರಬಹುದು, ಅವನು ಗಮನಿಸುವುದಿಲ್ಲ, ಅಷ್ಟೇ.

ಐವತ್ತರ ದಶಕದ ಕೊನೆಯಲ್ಲಿ ಮತ್ತು ಅರವತ್ತರ ಆರಂಭದಲ್ಲಿ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿದ್ದೆ. ಕಪ್ಪೆಯ ಕರುಳಿನಲ್ಲಿ ವಾಸಿಸುವ ಪರೋಪಜೀವಿಗಳು ನನ್ನ ಸಂಶೋಧನೆಯ ವಿಷಯ. ಅದೇ ಕೋಣೆಯಲ್ಲಿ, ನನ್ನ ಪಕ್ಕದ ಮೇಜಿನಲ್ಲಿ, ಸಸ್ಯಶಾಸ್ತ್ರದ ಅಧ್ಯಾಪಕರು ಕುಳಿತುಕೊಳ್ಳುತ್ತಿದ್ದರು. ಕೆರೆಕುಂಟೆಗಳ ಪಾಚಿ ಅವರ ವಿಷಯ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಆರಂಭದಲ್ಲಿಯೇ ದಾಖಲಿಸುವುದು ಕ್ರಮ. ಪ್ರಸಂಗಗಳನ್ನು ನಡೆದ ಅನುಕ್ರಮದಲ್ಲಿಯೇ ಬರೆದಿದ್ದೇನೆ.

೧. ಅರ್ಧ ದಿನ

ನಮ್ಮಿಬ್ಬರ ನೇಮಕವೂ ಒಂದೇ ದಿನದ್ದು. ಅಂದು ನಾನು ಕಾವಲುಗಾರ ಗೇಟು ತೆಗೆಯುವ ಮೊದಲೇ ಕಾಲೇಜಿನ ಮುಂದೆ ನಿಂತಿದ್ದೆ. ಕಚೇರಿ ತೆರೆದ ಕೂಡಲೇ ಹೆಡ್ ಕ್ಲಾರ್ಕರ ಮೇಜಿನ ಬದಿಯಲ್ಲಿ ಕುಳಿತು, ಕರ್ತವ್ಯಕ್ಕೆ ಹಾಜರಾದ ವರದಿಯನ್ನು ಬರೆಯತೊಡಗಿದೆ. ಕೊನೆಯ ಸಾಲಿನಲ್ಲಿ ಸಾಸಿವೆ ಕಾಳಿನಷ್ಟು ಮಸಿಯ ಚುಕ್ಕೆ ಬಿತ್ತು. ಹಾಳೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದೆ. ಅದರಲ್ಲಿ ಅಂಚಿನ ಗೆರೆ ಓರೆಯಾಯಿತು. ಮೂರನೆಯದನ್ನು ತೆಗೆದೆ.

ಆಗ ಒಬ್ಬರು ಸೈಕಲ್ಲನ್ನು ಕಚೇರಿಯ ಗೋಡೆಗೆ ಒರಗಿಸಿ ಒಳಗೆ ಬಂದರು. ಪ್ಯಾಂಟಿನ ಒಂದು ಕಾಲು ಕಾಲುಚೀಲದೊಳಗೆ, ಇನ್ನೊಂದು ಹೊರಗೆ.

"ಸಾರ್, ಒಂದು ಹಾಳೆ ಇದ್ಯಾ?"

"ಇದೆ. ಆದರೆ ಲೆಕ್ಕಕ್ಕೆ ಸರಿಯಾಗಿ ತಂದಿದ್ದೇನೆ."

"ಆ ಚುಕ್ಕೆ ಬಿದ್ದಿದ್ದು ನಿಮಗೆ ಬೇಡ್ವಾ?"

ಬೇಡವೆಂದೆ. ಅವರು ಅದನ್ನು ತಿರುಗಿಸಿ, ಬೆನ್ನಿನ ಮೇಲೆ ಎರಡು ಸಾಲು ಗೀಚಿ, ನಿಂತಲ್ಲೇ ಸಹಿ ಹಾಕಿ ಕೊಟ್ಟರು. ಹೆಡ್ ಕ್ಲಾರ್ಕು ಗಡಿಯಾರ ನೋಡಿ 'ಪೂರ್ವಾಹ್ನ' ಎಂದು ಬರೆದುಕೊಂಡರು. ನನ್ನ ಮೂರನೆಯ ಹಾಳೆ ನಿರ್ದೋಷವಾಗಿ ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿತ್ತು. ನನ್ನ ಹೆಸರಿನ ಮುಂದೆ 'ಅಪರಾಹ್ನ' ಬಿತ್ತು. ಅಂದಿನಿಂದ ಅವರು ನನಗಿಂತ ಅರ್ಧ ದಿನ ಹಿರಿಯರು.

ನನ್ನ ಮುಖ ನೋಡಿ ಹೆಡ್ ಕ್ಲಾರ್ಕು ಸಮಾಧಾನ ಹೇಳಿದರು: "ಏನು ಸ್ವಾಮಿ, ಅರ್ಧ ದಿನ ತಾನೆ. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಅದನ್ನ ಯಾರು ನೋಡ್ತಾರೆ?"

ಮೂವತ್ತು ವರ್ಷವೂ ನಾನು ನೋಡಿದ್ದು ಅದೊಂದನ್ನೇ.

೨. ಬೆಳಕಿನ ಹಂಚಿಕೆ

ಕಾಲೇಜಿಗೆ ವಿದೇಶದ ಒಂದು ಒಳ್ಳೆಯ ಮೈಕ್ರೋಸ್ಕೋಪು ಬಂತು. ಒಂದೇ ಒಂದು. ಅದಕ್ಕೆ ವಿದ್ಯುತ್ ದೀಪವಿರಲಿಲ್ಲ. ಕೆಳಗಿನ ಕನ್ನಡಿಯನ್ನು ತಿರುಗಿಸಿ ಕಿಟಕಿಯ ಬೆಳಕನ್ನು ಹಿಡಿಯಬೇಕು. ನಮ್ಮ ಕಿಟಕಿ ಪೂರ್ವಕ್ಕಿತ್ತು. ಬೆಳಗಿನ ಬೆಳಕು ಬಂಗಾರದಂಥದು. ಮಧ್ಯಾಹ್ನದ ನಂತರ ಎದುರು ಮನೆಯ ಹಿತ್ತಲಿನಿಂದ ಪ್ರತಿಫಲಿಸಿ ಬಂದಷ್ಟೇ ಬೆಳಕು.

ಯಾರಿಗೆ ಯಾವ ಹೊತ್ತು ಎಂಬ ಪ್ರಶ್ನೆಯನ್ನು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಸೇವಾ ಪುಸ್ತಕವನ್ನು ತರಿಸಿ ನೋಡಿದರು. "ಇದರಲ್ಲಿ ಬರೆದ ಹಾಗೇ ಇರಲಿ. ಅವರು ಪೂರ್ವಾಹ್ನ, ನೀವು ಅಪರಾಹ್ನ," ಎಂದರು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡಲು ವಿಶ್ವವಿದ್ಯಾಲಯವು ನಮ್ಮ ಕಾಲೇಜಿನ ಒಬ್ಬರಿಗೆ ಎರಡು ವರ್ಷಗಳ ಸಂಶೋಧನಾ ರಜೆ ಕೊಡುವುದೆಂದೂ, ಅಲ್ಲಿಂದ ಒಬ್ಬ ಪ್ರೊಫೆಸರರು ಬಂದು ನಮ್ಮಿಬ್ಬರ ಕೆಲಸವನ್ನು ನೋಡಿ ಒಬ್ಬರನ್ನು ಆರಿಸುವರೆಂದೂ ತಿಳಿಯಿತು. ಕೆಲಸ ಸರಿಸಮವಾದರೆ ಹಿರಿತನ. ಹಿರಿತನವೆಂದರೆ ಆ ಅರ್ಧ ದಿನ. ಆದ್ದರಿಂದ ನನ್ನ ಕೆಲಸ ಅವರದಕ್ಕಿಂತ ನಿಸ್ಸಂದೇಹವಾಗಿ ಮೇಲಿರಬೇಕಿತ್ತು.

ಮೊದಲ ಕ್ರಮವಾಗಿ ಮೈಕ್ರೋಸ್ಕೋಪಿನ ಬಳಕೆಗೆ ಹತ್ತು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಏಳನೆಯ ನಿಯಮ ಮುಖ್ಯವಾದದ್ದು: 'ಒಬ್ಬರ ಸ್ಲೈಡನ್ನು ಇನ್ನೊಬ್ಬರು ನೋಡತಕ್ಕದ್ದಲ್ಲ.' ಸಸ್ಯಶಾಸ್ತ್ರದವರು ಹತ್ತನ್ನೂ ಓದಿದರು.

"ಹತ್ತೂ ನನಗೇನಾ ಸಾರ್?"

"ಇಬ್ಬರಿಗೂ."

"ಹಾಗಾದ್ರೆ ಪಾಲಿಸ್ತೀನಿ ಬಿಡಿ."

ಪಾಲಿಸಿದರು. ತಪ್ಪು ಹಿಡಿಯಲು ಆಸ್ಪದವೇ ಉಳಿಯಲಿಲ್ಲ. ಅದೂ ನನಗೆ ಸಹ್ಯವಾಗಲಿಲ್ಲ.

ಎರಡನೆಯ ಕ್ರಮವಾಗಿ ಎದುರು ಮನೆಗೆ ಹೋದೆ. ಆ ಮನೆಯಾಕೆ ಹಿತ್ತಲಿನಲ್ಲಿ ಸೀರೆ ಒಣಗಹಾಕುತ್ತಿದ್ದರು. ಹಳದಿ ಸೀರೆಯ ದಿನ ನನ್ನ ಪರೋಪಜೀವಿಗಳಿಗೆ ಕಾಮಾಲೆ ಬರುತ್ತಿತ್ತು. ಕೆಂಪು ಸೀರೆಯ ದಿನ ರಕ್ತಸ್ರಾವ. ವಾರದ ದಿನಗಳಲ್ಲಿ ಬಿಳಿಯ ಸೀರೆಗಳನ್ನು ಮಾತ್ರ ಒಣಗಿಸಬೇಕೆಂದು ಸಕಾರಣವಾಗಿ ವಿನಂತಿಸಿಕೊಂಡೆ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: "ಅಲ್ಲ ಮೇಷ್ಟ್ರೇ, ಬೆಳಿಗ್ಗೆ ಹೊತ್ತೇ ಕೆಲಸ ಮುಗಿಸ್ಕೊಂಡ್ರೆ ಇಷ್ಟೆಲ್ಲಾ ತೊಂದ್ರೆ ಇರಲ್ಲ. ಆ ಇನ್ನೊಬ್ಬ ಮೇಷ್ಟ್ರನ್ನ ನೋಡಿ ಕಲ್ತ್ಕೊಳ್ಳಿ."

೩. ಹೊಳಲೂರಿನ ಆತಿಥ್ಯ

ಕಪ್ಪೆಗಳಿಗಾಗಿ ನಾನು ಹೊಳಲೂರಿನ ಗದ್ದೆಗಳಿಗೆ ಹೋಗುತ್ತಿದ್ದೆ. ಹಿಡಿದು ತಂದವನ್ನು ನನ್ನ ಮನೆಯ ಹಿತ್ತಲಲ್ಲಿ, ದಾಸವಾಳದ ಗಿಡದ ಬುಡದಲ್ಲಿದ್ದ ಕಲ್ಲಿನ ತೊಟ್ಟಿಯಲ್ಲಿ ಬಿಡುವುದು ಪದ್ಧತಿ. ಅವುಗಳ ಆಹಾರಕ್ಕೆ ಬೇರೆ ವ್ಯವಸ್ಥೆ ಬೇಕಿರಲಿಲ್ಲ. ಹೂವಿಗೆ ಬರುವ ಹುಳುಗಳೇ ಸಾಕಾಗುತ್ತಿದ್ದವು.

ಒಂದು ಬೆಳಿಗ್ಗೆ, ಎರಡೂ ಪ್ಯಾಂಟಿನ ಕಾಲುಗಳನ್ನು ಸಮನಾದ ಎತ್ತರಕ್ಕೆ ಮಡಚಿಕೊಂಡು, ಬಲೆ ಹಿಡಿದು ಗದ್ದೆಗಿಳಿದೆ. ಬದುವಿನ ಮೇಲೆ ಗದ್ದೆಯ ಯಜಮಾನರು ಬಂದು ನಿಂತರು.

"ಏನು ಹುಡುಕ್ತಿದೀರಿ ಸ್ವಾಮಿ?"

"ಕಪ್ಪೆ."

"ತಿನ್ನಕ್ಕಾ?"

"ಅಲ್ಲ. ಕರುಳು ನೋಡುವುದಕ್ಕೆ."

"ಅದಕ್ಕೇನಾಗೈತೆ?"

"ಏನೂ ಆಗಿಲ್ಲ. ಒಳಗೆ ಹುಳುವಿದೆಯೇ ಎಂದು ನೋಡಬೇಕು."

"ಇದ್ರೆ ಔಷಧಿ ಕೊಡ್ತೀರಾ?"

"ಇಲ್ಲ."

"ಮತ್ತೇನು ಮಾಡ್ತೀರಿ?"

"ಬರೆದುಕೊಳ್ಳುತ್ತೇನೆ."

ಯಜಮಾನರು ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು: "ಏ ಇವಳೇ, ಕೆಲಸ ಬಿಟ್ಟು ಬಾ ಇಲ್ಲಿ. ಇವ್ರು ಹೇಳೋದು ಒಂಚೂರು ಕೇಳು."

ಅದೇ ಹೊತ್ತಿಗೆ ಸೈಕಲ್ಲಿನ ಮೇಲೆ ಸಸ್ಯಶಾಸ್ತ್ರದವರು ಬಂದರು. ಅವರ ಕೈಯಲ್ಲಿ ಒಂದು ಸೀಸೆ. ಯಜಮಾನರು ಅವರನ್ನೂ ಅದೇ ಪ್ರಶ್ನೆ ಕೇಳಿದರು.

"ನಿಮ್ಮ ಕುಂಟೆ ಪಾಚಿ ತೆಗೀತೀನಿ ಗೌಡ್ರೇ. ನೀರು ತಿಳಿ ಆಗುತ್ತಲ್ಲ."

ತೆಗೆದದ್ದು ಅರ್ಧ ಸೀಸೆ. ಕುಂಟೆ ಮೊದಲಿದ್ದ ಹಾಗೆಯೇ ಹಸಿರಾಗಿತ್ತು. ಆದರೆ ಯಜಮಾನರು ಅವರ ಕೈ ಹಿಡಿದು ಒಳಗೆ ಕರೆದೊಯ್ದು ಮಣೆ ಹಾಕಿದರು. ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಬೆಣ್ಣೆ. ನನ್ನನ್ನೂ ಕರೆದರು. ಆದರೆ ನನ್ನ ಚೀಲದೊಳಗಿನಿಂದ ವಟಗುಟ್ಟುವಿಕೆ ಕೇಳುತ್ತಿದ್ದುದರಿಂದ ಜಗಲಿಯಲ್ಲಿ ಕೂರುವುದೇ ಉಚಿತವೆಂದು ನಿಶ್ಚಯವಾಯಿತು. ಒಳಗಿನಿಂದ ನಗು ಕೇಳಿಬರುತ್ತಿತ್ತು. ಯಾರ ವಿಷಯದ ನಗುವೆಂದು ನಾನು ಊಹಿಸಬಲ್ಲವನಾಗಿದ್ದೆ.

ಕೊನೆಗೆ ಯಜಮಾನಿ ಒಂದು ರೊಟ್ಟಿಯನ್ನು ಎಲೆಯಲ್ಲಿಟ್ಟು ನನಗೂ ತಂದುಕೊಟ್ಟರು. ಒಳ್ಳೆಯ ಹೆಂಗಸು. ಚೀಲದ ಕಡೆಗೊಮ್ಮೆ ನೋಡಿ, ಕನಿಕರದಿಂದ ಕೇಳಿದರು: "ಅವಕ್ಕೂ ಒಂದು ತರ್ಲಾ ಸ್ವಾಮಿ?"

೪. ಭದ್ರಾವತಿಯ ಶಾವಿಗೆ

ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನೌಕರರದೊಂದು ಕ್ಲಬ್ ಇತ್ತು. ಸಸ್ಯಶಾಸ್ತ್ರದವರು ಅಲ್ಲಿ ಪಾಚಿಯ ಬಗ್ಗೆ ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಬಂದರು. ಆ ಹಾರವನ್ನು ಮರುದಿನ ನಮ್ಮ ಕೋಣೆಗೂ ತಂದು ಮೈಕ್ರೋಸ್ಕೋಪಿನ ಪಕ್ಕದ ಮೊಳೆಗೆ ತೂಗುಹಾಕಿದರು. ಹಾರದ ಬಗ್ಗೆ ನನ್ನ ಹತ್ತು ನಿಯಮಗಳಲ್ಲಿ ಏನೂ ಹೇಳಿರಲಿಲ್ಲ.

ನಾನು ಕ್ಲಬ್ಬಿನ ಕಾರ್ಯದರ್ಶಿಗೆ ಪತ್ರ ಬರೆದು, ನನ್ನ ಭಾಷಣವನ್ನೂ ಏರ್ಪಡಿಸಬಹುದೆಂದು ಸೂಚಿಸಿದೆ. ಏರ್ಪಡಿಸಿದರು. ತಮಿಳು, ತೆಲುಗು, ಕನ್ನಡದ ಸಂಸಾರಗಳೆಲ್ಲ ಮಕ್ಕಳ ಸಮೇತ ಬಂದಿದ್ದವು. ಭಾಷಣದ ವಿಷಯ, 'ಕಪ್ಪೆಯ ಕರುಳಿನ ಹುಳುಗಳು'. ಒಂದೂಕಾಲು ಗಂಟೆ ಮಾತನಾಡಿದೆ. ಬಿಳಿಯ, ಉದ್ದನೆಯ, ಎಳೆ ಎಳೆಯಾದ ಹುಳುಗಳು ತುಂಬಿದ ನಾಲ್ಕು ಜಾಡಿಗಳನ್ನು ಎಲ್ಲರ ಕೈಗೂ ಕೊಟ್ಟು ದಾಟಿಸಿದೆ. ಸಭೆ ಅತ್ಯಂತ ನಿಶ್ಶಬ್ದವಾಗಿತ್ತು. ಇದು ಪಾಚಿಯ ಸಭೆಗಿಂತ ಉತ್ತಮವಾದ ಶಿಸ್ತೆಂದು ಮನಸ್ಸಿನಲ್ಲಿ ಗುರುತುಮಾಡಿಕೊಂಡೆ.

ಭಾಷಣದ ನಂತರ ತಿಂಡಿ. ಬಡಿಸಿದ್ದು ಶಾವಿಗೆ ಉಪ್ಪಿಟ್ಟು.

ಎಲೆಗಳ ಮುಂದೆ ಎಲ್ಲರೂ ಕುಳಿತಿದ್ದರು. ಯಾರ ಕೈಯೂ ಎಲೆಗೆ ಇಳಿಯಲಿಲ್ಲ. ಮುಂದಿನ ಸಾಲಿನ ತಮಿಳು ಮೇಸ್ತ್ರಿಯೊಬ್ಬರು ಒಂದು ಎಳೆಯನ್ನು ಬೆರಳಿನಿಂದ ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಮೆಲ್ಲಗೆ ಕೆಳಗಿಟ್ಟರು. "ಐಯೋ, ವೇಂಡಾ," ಎಂದು ಅವರ ಹೆಂಡತಿ ಎಲೆಯನ್ನೇ ದೂರ ಸರಿಸಿದರು. ನಾನೊಬ್ಬನೇ ತಿಂದೆ. ಎಲ್ಲರೂ ನನ್ನನ್ನೇ ನೋಡಿದರು.

ಕಾರ್ಯದರ್ಶಿ ನನ್ನನ್ನು ಬಸ್ಸಿನವರೆಗೆ ಕಳುಹಿಸಲು ಬಂದರು. ಹಾರವನ್ನು ತಂದಿದ್ದರು, ಆದರೆ ಗಡಿಬಿಡಿಯಲ್ಲಿ ಹಾಕಲು ಮರೆತಿದ್ದರು. ಇನ್ನೊಮ್ಮೆ ಯಾವಾಗ ಬರಲಿ ಎಂದು ಕೇಳಿದೆ.

ಅವರು ಬಹಳ ಯೋಚಿಸಿ ಹೇಳಿದರು: "ಏಕಾದಶಿ ದಿನ ಇಟ್ಕೊಳ್ಳೋಣ ಸಾರ್."

೫. ಎರಡು ಉಪಚಾರಗಳು

ಇಷ್ಟರಲ್ಲಿ ನಾನೊಂದು ಶೋಧವನ್ನು ಮಾಡಿದ್ದೆ. ನನ್ನ ಕಪ್ಪೆಗಳ ಕರುಳಿನಲ್ಲಿ, ಯಾವ ಪುಸ್ತಕದಲ್ಲಿಯೂ ಕಾಣದ ಒಂದು ಗುಂಡನೆಯ ವಸ್ತು ಸಿಕ್ಕಿತು. ಮೈತುಂಬ ಸಮಾನ ಅಂತರದಲ್ಲಿ ಮುಳ್ಳುಗಳು. ಅದು ಹೊಸ ಪರೋಪಜೀವಿಯೊಂದರ ಮೊಟ್ಟೆಯೆಂದು ನಿರ್ಧರಿಸಿದೆ. ಹದಿನಾಲ್ಕು ತಿಂಗಳು ಕಾದರೂ ಒಂದೂ ಒಡೆಯಲಿಲ್ಲ. ಅವುಗಳ ಸಂಯಮವನ್ನು ನಾನು ಮೆಚ್ಚಿಕೊಂಡೆ. ನಲವತ್ತೆರಡು ಚಿತ್ರಗಳನ್ನು ಬರೆದೆ.

ಹೀಗಿರಲು ಒಂದು ಸಂಜೆ ಸಸ್ಯಶಾಸ್ತ್ರದವರು ಯಾವ ಕಾರಣವೂ ಇಲ್ಲದೆ ನನ್ನನ್ನು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸಿದರು.

"ಏನು ವಿಶೇಷ?"

"ವಿಶೇಷ ಏನಿಲ್ಲ ಸಾರ್. ಮನಸ್ಸಿಗೆ ಏನೋ ಖುಷಿ. ನಿಮ್ಮ ಮುಳ್ಳಿನ ಮೊಟ್ಟೆ ಹೇಗಿದೆ? ಚೆನ್ನಾಗಿ ನೋಡ್ಕೊಳ್ಳಿ."

ಮುಳ್ಳಿನ ಸಂಗತಿಯನ್ನು ನಾನು ಅವರಿಗೆ ಹೇಳಿದ್ದೇ ಇಲ್ಲ. ಆದರೆ ದೋಸೆ ಗರಿಗರಿಯಾಗಿತ್ತು. ಆಗ ಅದು ಹೊಳೆಯಲಿಲ್ಲ.

ಅದಾದ ಒಂದು ತಿಂಗಳಿಗೆ, ನನ್ನ ಅಪರಾಹ್ನದ ಪಾಳಿಗೆ ಬಂದಾಗ, ಅವರ ಸ್ಲೈಡು ಮೈಕ್ರೋಸ್ಕೋಪಿನಲ್ಲಿಯೇ ಉಳಿದಿತ್ತು. ಅವರೂ ಒಂದು ಹೊಸ ಪಾಚಿಯನ್ನು ಕಂಡುಹಿಡಿದಿದ್ದಾರೆಂದು ಕಾಲೇಜಿನಲ್ಲೆಲ್ಲ ಮಾತಿತ್ತು. ಏಳನೆಯ ನಿಯಮ ನನ್ನ ಎದುರಿಗೇ ಗೋಡೆಯಲ್ಲಿತ್ತು. ನಾನು ಅದಕ್ಕೆ ಬೆನ್ನು ಮಾಡಿ ನಿಂತು ನೋಡಿದೆ.

ಹಸಿರಾದ, ದುಂಡನೆಯ ಒಂದು ಕೋಶ. ಅಚ್ಚುಕಟ್ಟಾಗಿತ್ತು, ನನ್ನ ಎದೆ ಉರಿಯಿತು. ಆಮೇಲೆ ಅದರೊಳಗೆ ಒಂದು ಕಪ್ಪು ಬೊಟ್ಟು ಕಾಣಿಸಿತು. ಬೊಟ್ಟು ಅಲುಗಿತು. ಪಾಚಿಗೆ ಕಣ್ಣಿರುವುದಿಲ್ಲ. ಇದಕ್ಕಿತ್ತು, ಮತ್ತು ಅದು ನನ್ನನ್ನೇ ನೋಡುತ್ತಿತ್ತು. ಅದು ನೀರುಚಿಗಟದ ಮೊಟ್ಟೆ. ಕುಂಟೆಯ ನೀರಿನಲ್ಲಿ ಕುಪ್ಪಳಿಸುತ್ತ ಈಜುವ ಆ ಪುಟ್ಟ ಪ್ರಾಣಿಯನ್ನು ನನ್ನ ಮೊದಲ ವರ್ಷದ ವಿದ್ಯಾರ್ಥಿಯೂ ಗುರುತಿಸಬಲ್ಲ.

ನಾನು ಯಾರಿಗೂ ಹೇಳಲಿಲ್ಲ. ಅಂದು ಸಂಜೆ ಸಸ್ಯಶಾಸ್ತ್ರದವರಿಗೆ ಕಾಫಿ ಕೊಡಿಸಿದೆ. ಮೇಲೆ ಒಂದು ಜಾಮೂನು. ಮನೆಯವರೆಲ್ಲ ಕ್ಷೇಮವೇ ಎಂದೂ ವಿಚಾರಿಸಿದೆ.

ಅವರೂ ಸಂತೋಷವಾಗಿದ್ದರು, ನಾನೂ ಸಂತೋಷವಾಗಿದ್ದೆ. ಅಧ್ಯಾಪಕರ ನಡುವಿನ ಸ್ನೇಹ ಹೇಗಿರಬೇಕೆಂಬುದಕ್ಕೆ ಪ್ರಿನ್ಸಿಪಾಲರು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮಿಬ್ಬರ ಉದಾಹರಣೆ ಕೊಟ್ಟರು.

೬. ಹನ್ನೊಂದೂವರೆಯ ರೈಲು

ವಿಶ್ವವಿದ್ಯಾಲಯದ ಪ್ರೊಫೆಸರರು ಬೆಳಗಿನ ರೈಲಿಗೆ ಬಂದರು. ವಯೋವೃದ್ಧರು, ಪ್ರಾಣಿ, ಸಸ್ಯ ಎರಡನ್ನೂ ಬಲ್ಲವರು, ಮಾತು ಕಡಿಮೆ. ಹನ್ನೊಂದೂವರೆಯ ರೈಲಿಗೆ ಹಿಂದಿರುಗಬೇಕೆಂದು ಬಂದ ಕೂಡಲೇ ತಿಳಿಸಿದರು.

ಹಿರಿತನದ ಪ್ರಕಾರ ಮೊದಲು ಪಾಚಿ. ಸಸ್ಯಶಾಸ್ತ್ರದವರು ಕುಂಟೆಯ ನೀರಿನ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ಕೊಟ್ಟರು. ಪ್ರೊಫೆಸರರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಇದು ಹೊಸ ಪಾಚಿ ಅಂತೀರಾ?"

"ಹೌದು ಸಾರ್. ಎಲ್ಲೂ ವರ್ಣನೆ ಇಲ್ಲ."

"ಇರಲ್ಲ. ಈಗ ತಾನೆ ಅದು ಚಿಪ್ಪು ಒಡ್ಕೊಂಡು ಈಜಿ ಹೋಯ್ತು."

ಸಸ್ಯಶಾಸ್ತ್ರದವರು ಬಗ್ಗಿ ನೋಡಿದರು. ಅವರ ಪಾಚಿ ಹನಿಯ ಆ ಅಂಚಿನಲ್ಲಿ ಕುಪ್ಪಳಿಸುತ್ತಿತ್ತು. ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೆ. ಎದುರು ಮನೆಯ ಹಿತ್ತಲಲ್ಲಿ ಅಂದು ಬಿಳಿಯ ಸೀರೆ ಒಣಗುತ್ತಿತ್ತು. ಎಲ್ಲವೂ ನನ್ನ ಪರವಾಗಿತ್ತು.

ನನ್ನ ಸರದಿ ಬಂತು. ಸ್ಲೈಡನ್ನಿಟ್ಟು, ನಲವತ್ತೆರಡು ಚಿತ್ರಗಳನ್ನು ಕ್ರಮಸಂಖ್ಯೆಯಂತೆ ಮೇಜಿನ ಮೇಲೆ ಹರಡಿದೆ. ಪ್ರೊಫೆಸರರು ಅರ್ಧ ನಿಮಿಷವೂ ನೋಡಲಿಲ್ಲ.

"ನಿಮ್ಮ ಮನೇಲಿ ದಾಸವಾಳದ ಗಿಡ ಇದೆಯಾ?"

ವೃದ್ಧರು, ಪೂಜೆಗೆ ಕೇಳುತ್ತಿದ್ದಾರೆಂದುಕೊಂಡೆ. "ಇದೆ ಸಾರ್. ಹೂವು ಬೇಕಾಗಿದ್ದರೆ ತರಿಸುತ್ತೇನೆ."

"ಬೇಡ. ಆಗಲೇ ತಂದಿದೀರಿ. ಇದು ದಾಸವಾಳದ ಪರಾಗ. ಹೂವಿನ ಮೇಲಿದ್ದ ಹುಳುವನ್ನ ಕಪ್ಪೆ ತಿಂದಿದೆ. ಹುಳುವಿಗೆ ಅಂಟಿದ್ದ ಪರಾಗ ಕರುಳಿಗೆ ಬಂದಿದೆ. ಕಪ್ಪೆ ತಪ್ಪೇನಿಲ್ಲ."

ಪ್ರೊಫೆಸರರು ನಮ್ಮ ಎರಡು ಮೇಜುಗಳ ನಡುವಿನ ಅಂತರವನ್ನು ಕಣ್ಣಿನಲ್ಲಿಯೇ ಅಳೆದರು. ಒಂದು ಮೊಳವಿರಬಹುದು.

"ಪರಾಗ ಏನು ಅಂತ ಸಸ್ಯಶಾಸ್ತ್ರದವರಿಗೆ ಗೊತ್ತಿರ್ಬೇಕಲ್ಲ. ಇವರ ಸ್ಲೈಡನ್ನ ನೀವು ಯಾವತ್ತೂ ನೋಡಿರ್ಲಿಲ್ವೇ?"

"ನೋಡಿದ್ದೆ ಸಾರ್."

"ಹೇಳಲಿಲ್ಲ ಯಾಕೆ?"

ಸಸ್ಯಶಾಸ್ತ್ರದವರು ಗೋಡೆಯ ಕಡೆಗೆ ಬೆರಳು ತೋರಿಸಿದರು. "ಏಳನೇ ನಿಯಮ ಸಾರ್. ಹೇಳಿದ್ರೆ ನೋಡಿದ್ದು ಗೊತ್ತಾಗ್ತಿತ್ತು."

ಪ್ರೊಫೆಸರರು ನನ್ನ ಕಡೆಗೆ ತಿರುಗಿದರು. "ನೀರುಚಿಗಟದ ಮೊಟ್ಟೆ ನಿಮಗೆ ಗೊತ್ತಿರ್ಬೇಕಲ್ಲ?"

ಮಸಾಲೆ ದೋಸೆಯ ಅರ್ಥ ನನಗೆ ಆ ಕ್ಷಣ ಹೊಳೆಯಿತು. ಪಕ್ಕದಲ್ಲಿ ಸಸ್ಯಶಾಸ್ತ್ರದವರೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಜಾಮೂನಿನ ಅರ್ಥ ಹೊಳೆಯುತ್ತಿತ್ತು. ನಾನೂ ಗೋಡೆಯ ಕಡೆಗೇ ಬೆರಳು ತೋರಿಸಬೇಕಾಯಿತು.

ಪ್ರೊಫೆಸರರು ಎದ್ದು ಹೋಗಿ ಹತ್ತು ನಿಯಮಗಳನ್ನೂ ಓದಿದರು. ಆಮೇಲೆ ಪ್ರಿನ್ಸಿಪಾಲರಿಗೆ ಹೇಳಿದರು: "ಪ್ರಾಣಿಶಾಸ್ತ್ರದವರು ಸಸ್ಯ ಹುಡುಕಿದಾರೆ, ಸಸ್ಯಶಾಸ್ತ್ರದವರು ಪ್ರಾಣಿ ಹುಡುಕಿದಾರೆ. ಇವರಲ್ಲಿ ಒಬ್ಬರನ್ನ ಆರಿಸೋದು ನನ್ನ ಕೈಲಿ ಆಗಲ್ಲ. ಎರಡು ವರ್ಷದ ರಜೆ ಇದೆ. ಒಬ್ಬೊಬ್ಬರಿಗೆ ಒಂದೊಂದು ವರ್ಷ ಕೊಡ್ತೀನಿ. ಬಂದು ಕಲೀಲಿ."

"ಮೊದಲು ಯಾರು ಸಾರ್? ಸೇವಾ ಪುಸ್ತಕ ತರಿಸ್ಲಾ?" ಎಂದರು ಪ್ರಿನ್ಸಿಪಾಲರು.

"ಹಿರಿತನ ನನಗೆ ಬೇಡ. ಇಬ್ಬರೂ ಅರ್ಜಿ ಬರೀಲಿ. ಯಾರ ಅರ್ಜಿ ಮೊದಲು ನನ್ನ ಕೈಗೆ ಬರುತ್ತೋ ಅವರು ಮೊದಲು."

ಹಿರಿತನ ಬೇಡ! ಆ ಅರ್ಧ ದಿನವನ್ನು ಒಬ್ಬರು ಒಂದು ಮಾತಿನಲ್ಲಿ ಅಳಿಸಿಹಾಕಿದ್ದರು. ಸಮಯ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನನ್ನ ಮೇಜಿನ ಖಾನೆಯಲ್ಲಿ ಗೆರೆ ಹಾಕಿದ ಹಾಳೆಗಳು ಸಿದ್ಧವಾಗಿದ್ದವು. ಸಸ್ಯಶಾಸ್ತ್ರದವರ ಬಳಿ ಎಂದಿನಂತೆ ಏನೂ ಇರಲಿಲ್ಲ, ಜೇಬು ತಡಕಾಡುತ್ತಿದ್ದರು. ನಾನು ಕುಳಿತು ಬರೆದೆ. ಕೊನೆಯ ಸಾಲು ಮುಗಿಯಿತು, ಸಹಿಯೊಂದು ಉಳಿದಿತ್ತು. ಆಗ ಪೆನ್ನಿನ ಮೂತಿಯಿಂದ ಸಾಸಿವೆ ಕಾಳಿನಷ್ಟು ಮಸಿ ಬಿತ್ತು.

ಹಾಳೆಯನ್ನು ಪಕ್ಕಕ್ಕಿಟ್ಟೆ.

"ಸಾರ್," ಎಂದಿತು ಪಕ್ಕದ ಮೇಜು. "ಅದು ನಿಮಗೆ ಬೇಡ್ವಾ?"

ಬೇಡವಾದದ್ದನ್ನು ಬೇಕೆಂದು ಹೇಳುವ ಅಭ್ಯಾಸ ನನಗಿರಲಿಲ್ಲ. ಅವರು ಹಾಳೆಯನ್ನು ತಿರುಗಿಸಿ, ಗೋಡೆಗೆ, ನನ್ನ ಹತ್ತು ನಿಯಮಗಳ ಮೇಲೆಯೇ ಅದನ್ನು ಒತ್ತಿಹಿಡಿದು, ಎರಡು ಸಾಲು ಗೀಚಿದರು.

ನನ್ನ ಎರಡನೆಯ ಪ್ರತಿ ಮುಗಿದು, ಮಸಿ ಒಣಗಿ, ಅಂಚಿಗೆ ಅಂಚು ಕೂಡುವಂತೆ ಮಡಚಿ ಮುಗಿಸುವಾಗ ಪ್ರೊಫೆಸರರ ಜಟಕಾ ಗೇಟು ದಾಟಿತ್ತು. ಸ್ಟೇಷನ್ನಿಗೆ ಓಡಿದೆ. ರೈಲು ಹೊರಟಿತ್ತು. ಆ ರೈಲು ಕಾರ್ಖಾನೆಯ ವ್ಯಾಗನ್ನುಗಳಿಗಾಗಿ ಭದ್ರಾವತಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ಸಸ್ಯಶಾಸ್ತ್ರದವರ ಅರ್ಜಿ ಬಹುಶಃ ಪ್ರೊಫೆಸರರ ಕೈಗೆ ತಲುಪಿರಲಿಕ್ಕಿಲ್ಲ, ಜೇಬಿನಲ್ಲಿಯೇ ಮರೆತಿರಬಹುದು ಎಂಬ ಒಂದು ಆಸೆಯೂ ಇತ್ತು. ಬಸ್ಸು ಹತ್ತಿದೆ. ಮಲವಗೊಪ್ಪದಲ್ಲಿ ಒಬ್ಬಾಕೆ ಕೋಳಿಗಳ ಬುಟ್ಟಿಯನ್ನು ಹತ್ತಿಸಲು ಬಸ್ಸನ್ನು ಐದು ನಿಮಿಷ ನಿಲ್ಲಿಸಿದರು. ಕೋಳಿಗಳಿಗೆ ಸೀಟು ಸಿಕ್ಕಿತು. ನಾನು ನಿಂತೇ ಇದ್ದೆ.

ಭದ್ರಾವತಿಯಲ್ಲಿ ರೈಲು ಇನ್ನೂ ನಿಂತಿತ್ತು. ಪ್ರೊಫೆಸರರು ಕಿಟಕಿಯ ಬಳಿ ಕುಳಿತು ಕಿತ್ತಳೆ ಸುಲಿಯುತ್ತಿದ್ದರು. ನಾನು ಅರ್ಜಿಯನ್ನು ಎರಡು ಕೈಗಳಿಂದ ಕೊಟ್ಟೆ. ಅವರು ಕೈ ಒರೆಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದರು.

"ಒಂದು ಚುಕ್ಕೆ ಇಲ್ಲ. ಇಷ್ಟು ಚೆನ್ನಾಗಿರೋ ಅರ್ಜಿ ನಾನು ನೋಡೇ ಇಲ್ಲ ಕಣ್ರೀ."

"ನನ್ನದೇ ಮೊದಲನೆಯದೇ ಸಾರ್?"

ಅವರು ಕೋಟಿನ ಜೇಬಿನಿಂದ ಒಂದು ಹಾಳೆಯನ್ನು ಹೊರತೆಗೆದರು. ಅದರ ಬೆನ್ನಿನ ಮೇಲೆ ಎರಡು ಸಾಲು. ಮುಂಭಾಗದಲ್ಲಿ ನನ್ನ ಕೈಬರಹ, ಸಾಸಿವೆ ಕಾಳಿನಷ್ಟು ಮಸಿ. ಅದನ್ನು ನನ್ನ ಅರ್ಜಿಯ ಮೇಲಿಟ್ಟು ಸಮಾಧಾನದಿಂದ ಪಿನ್ನು ಚುಚ್ಚಿದರು. ನಂತರ ಪೆನ್ನು ತೆಗೆದು, ಗಡಿಯಾರವನ್ನು ನೋಡಿ, ನನ್ನ ಅರ್ಜಿಯ ಅಂಚಿನಲ್ಲಿ ಅದು ತಲುಪಿದ ಹೊತ್ತನ್ನು ಒಂದೇ ಪದದಲ್ಲಿ ಬರೆದುಕೊಂಡರು.

ನಾನು ಕಿಟಕಿಯ ಹೊರಗೆ ನಿಂತಿದ್ದೆನಾದ್ದರಿಂದ ಆ ಪದ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಓದಲು ಕಷ್ಟವಾಗಲಿಲ್ಲ. ಅಪರಾಹ್ನ.